ರಾತ್ರಿ ಗೇಟು ಬಿತ್ತು, ಹಗಲಿನ ಗತಿ?

ಗುಂಡ್ಲುಪೇಟೆ: ರಾತ್ರಿ 9 ಹೊಡೆಯಿತೆಂದರೆ ಬಂಡೀಪುರ ಕಾಡಿನ ಗೇಟು ಬೀಳುತ್ತದೆ. ಊಟಿಗೂ ಇಲ್ಲ, ಸುಲ್ತಾನ್ ಬತ್ತೇರಿಗೂ ಇಲ್ಲ. ಬೆಳಗ್ಗೆ 6ರ ತನಕ ಆಂಬುಲೆನ್ಸು ಮತ್ತು ಗೊತ್ತುಮಾಡಿದ ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ದಾರಿ.

2009ರಲ್ಲಿ ಈ ನಿಷೇಧ ಬಂದಾಗ ವ್ಯಾಪಾರ ಮುಳುಗಿತೆಂಬ ಕೂಗೆದ್ದಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2019ರಲ್ಲಿ ವಯನಾಡಿನಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ಆದರೆ ಗೇಟು ತೆರೆಯಲಿಲ್ಲ.

ಕಾರಣ ಸರಳ. ಹೆಡ್‌ಲೈಟು ಕಣ್ಣಿಗೆ ಹೊಡೆದರೆ ಜಿಂಕೆ ನಿಂತಲ್ಲೇ ನಿಲ್ಲುತ್ತದೆ, ಲಾರಿ ನಿಲ್ಲುವುದಿಲ್ಲ.

"ನಾನೂ ಬೈದೋನೇ ಸ್ವಾಮಿ" ಎಂದರು ಇಲ್ಲಿನ ಟೀ ಅಂಗಡಿಯವರೊಬ್ಬರು. "ರಾತ್ರಿ ಲಾರಿಯವ್ರ ಗಿರಾಕಿ ಹೋಯ್ತು, ಸುಳ್ಳಲ್ಲ. ಆದ್ರೆ ಆನೆ ಓಡಾಡೋ ಜಾಗಕ್ಕೆ ರಸ್ತೆ ಮಾಡಿದೋರು ನಾವಲ್ವಾ?"

ಅವರ ನಷ್ಟ ಸಣ್ಣದಲ್ಲ, ಅವರ ಮಾತೂ ಸಣ್ಣದಲ್ಲ. ಆದರೆ ಹಗಲಲ್ಲಿ ನಾವು ಮಾಡುವುದೇನು? ಬಸ್ಸಿನ ಕಿಟಕಿಯಿಂದ ಕೋತಿಗೆ ಬಾಳೆಹಣ್ಣು ಎಸೆಯುತ್ತೇವೆ. ಆನೆ ಕಂಡರೆ ಕಾರಿನಿಂದಿಳಿದು ಮೊಬೈಲು ಹಿಡಿಯುತ್ತೇವೆ. ರುಚಿ ಹತ್ತಿದ ಕೋತಿ ನಾಳೆಯೂ ರಸ್ತೆಗೇ ಬಂದು ಚಕ್ರಕ್ಕೆ ಸಿಗುತ್ತದೆ. ಕೆರಳಿದ ಆನೆ ಕೈಗೆ ಸಿಕ್ಕವರನ್ನು ಬಿಡುವುದಿಲ್ಲ.

ಅಂಗಡಿಯವರು ಹದಿನೈದು ವರ್ಷಕ್ಕೂ ಮೇಲೆ ರಾತ್ರಿ ವ್ಯಾಪಾರ ಬಿಟ್ಟು ಕೂತಿದ್ದಾರೆ. ಪ್ರಯಾಣಿಕ ಮಹಾಶಯರೇ, ಕಾಡು ದಾಟುವ ತನಕ ಕಿಟಕಿಯಾಚೆ ಕೈ ಚಾಚದೆ ಕೂರಲು ನಮಗಾಗದೇ?