ಶಂಕರಪುರ ಮಲ್ಲಿಗೆ: ಟೆರೇಸಿನಲ್ಲಿ ಬೆಳೆಸೋದು ಎಷ್ಟು ಕಷ್ಟ?

"ನಿಮ್ಮೂರಿನ ಮಲ್ಲಿಗೆ ಬೆಂಗಳೂರಲ್ಲಿ ಬದುಕುತ್ತಾ?" ನಮ್ಮ ಟೆರೇಸಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಬದುಕೋದೇನೋ ಬದುಕುತ್ತೆ. ಹೂ ಬಿಡಿಸೋದು, ಬಿಟ್ಟ ಹೂವನ್ನ ಹೊತ್ತಿಗೆ ಸರಿಯಾಗಿ ಕೊಯ್ಯೋದು ಮಾತ್ರ ಬೇರೆಯದೇ ಕೆಲಸ. ನಾಲ್ಕು ವರ್ಷದಿಂದ ಹತ್ತು ಕುಂಡ ಇಟ್ಟುಕೊಂಡಿರುವ ನಾನು ಕಂಡದ್ದನ್ನು ಹೇಳ್ತೀನಿ.

ಮೊದಲು ಗಿಡದ ಗುರುತು. ಮೈಸೂರು, ಹಡಗಲಿ, ಉಡುಪಿ ಈ ಮೂರೂ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ. ಉಡುಪಿ ಮಲ್ಲಿಗೆಯನ್ನೇ ನಮ್ಮ ಕಡೆ ಶಂಕರಪುರ ಮಲ್ಲಿಗೆ ಅನ್ನೋದು. ಗುಂಡು ಮಲ್ಲಿಗೆಯೂ ಇದೇ ಜಾತಿಯದು, ಆದರೆ ಇದರ ಮೊಗ್ಗು ಅಷ್ಟು ದಪ್ಪ ಇರಲ್ಲ, ಸಪೂರ. ಗಿಡವಾಗಿದ್ದಾಗ ಗುರುತಿಸೋದು ಕಷ್ಟ. ಹಾಗಾಗಿ ಹೂ ಬಿಟ್ಟ ಗಿಡ ನೋಡಿಯೇ ಕೊಳ್ಳಿ, ಇಲ್ಲವೇ ಊರಿನವರಿಂದ ಕಡ್ಡಿ ತರಿಸಿ.

ಇದಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬಾಲ್ಕನಿಯ ಅರೆ ನೆರಳಲ್ಲಿ ಎಲೆ ಸೊಂಪಾಗಿ ಬರುತ್ತೆ, ಮೊಗ್ಗು ಬರಲ್ಲ. ಕುಂಡ ದೊಡ್ಡದಿರಲಿ, ಹಾಕಿದ ನೀರು ತಳದಿಂದ ಸರಾಗವಾಗಿ ಇಳಿದುಹೋಗಲಿ.

ಕತ್ತರಿ ಹಾಕೋಕೆ ಹೆಚ್ಚಿನವರಿಗೆ ಮನಸ್ಸೇ ಬರಲ್ಲ. ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಒಂದು ಸರದಿ ಹೂ ಮುಗಿದ ಕೂಡಲೇ ತುದಿಗಳನ್ನು ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟರೆ, ಒಂದು ಒಂದೂವರೆ ತಿಂಗಳಲ್ಲಿ ಮತ್ತೆ ಮೊಗ್ಗು ಕಾಣುತ್ತೆ. ನಾನು ಕಡಲೆಕಾಯಿ ಹಿಂಡಿ ನೆನೆಸಿದ ತಿಳಿನೀರು ಕೊಡ್ತೀನಿ. ಅಮ್ಮ ಫೋನಿನಲ್ಲಿ ಕೇಳೋದು ಮೊದಲು ಇದನ್ನೇ: "ಕತ್ತರಿ ಹಾಕಿದ್ಯಾ? ಹಾಕದೆ ಹೂ ಕೇಳಿದ್ರೆ ಅದೆಲ್ಲಿಂದ ಕೊಡ್ತದೆ ಮಾರಾಯ್ತಿ?"

ಬೆಂಗಳೂರಿನದೇ ಎರಡು ತೊಡಕುಗಳಿವೆ. ಒಂದು ಬೋರ್‌ವೆಲ್ ನೀರು. ಗಡಸು ನೀರನ್ನೇ ಹಾಕ್ತಾ ಹೋದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ, ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತೆ. ಮಳೆನೀರು ಹಿಡಿದಿಟ್ಟು ಹಾಕೋಕೆ ಶುರು ಮಾಡಿದ ಮೇಲೆ ನಮ್ಮಲ್ಲಿ ಹೊಸ ಎಲೆ ಹಸಿರಾಗಿಯೇ ಬಂತು. ಇನ್ನೊಂದು ಚಳಿ. ನವೆಂಬರಿನಿಂದ ಜನವರಿವರೆಗೆ ಗಿಡ ಮುದುಡಿ ಕೂತುಬಿಡುತ್ತೆ. ಕರಾವಳಿಯ ಸೆಕೆಗೆ ಒಗ್ಗಿದ ಗಿಡ, ಏನು ಮಾಡೋದು!

ಹುಳುವಿನ ಕಾಟವೂ ಇದೆ. ಮೊಗ್ಗಿನಲ್ಲಿ ಸಣ್ಣ ತೂತು ಕಂಡು, ಬಿಳಿ ಹೋಗಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅದು ಮೊಗ್ಗು ಕೊರೆಯುವ ಹುಳು. ಅಂಥ ಮೊಗ್ಗನ್ನು ಆವತ್ತೇ ಕಿತ್ತು ನಾಶ ಮಾಡ್ಬೇಕು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ.

ಈಗ ದುಡ್ಡಿನ ಮಾತು. ನಮ್ಮ ಕೆಳಗಿನ ಮನೆಯ ಅಕ್ಕ, ಯಜಮಾನರ ಕೆಲಸ ಹೋದ ಮೇಲೆ, ಯಾವುದೋ ವಿಡಿಯೊ ನೋಡಿ ಒಟ್ಟಿಗೇ ನೂರು ಗಿಡ ತರಿಸಲು ಹೊರಟಿದ್ದರು. ಅಡ್ವಾನ್ಸ್ ಕೊಡೋ ಮೊದಲು ಅವರ ಜೊತೆ ಕೂತು ಲೆಕ್ಕ ಹಾಕಿದೆ.

ಶಂಕರಪುರದಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂ. ಏಪ್ರಿಲ್‌ನ ಭರ್ತಿ ಸೀಸನ್ನಿನಲ್ಲಿ ನನ್ನ ಹತ್ತು ಕುಂಡದಿಂದ ದಿನಕ್ಕೆ ಸಿಗೋದು ಸುಮಾರು 400 ಮೊಗ್ಗು, ಅರ್ಧ ಚೆಂಡು. ಒಂದು ಅಟ್ಟೆಗೆ ಎಂಬತ್ತು ಕುಂಡ ಬೇಕು! ಅಷ್ಟನ್ನೂ ಬೆಳಗ್ಗೆ ಅರಳುವ ಮೊದಲೇ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ಊರಿನಲ್ಲಿ ಮನೆಮಂದಿಯೆಲ್ಲ ಕೂತು ಕಟ್ಟುತ್ತಾರೆ, ದಿನವೂ ಹೂ ಒಯ್ಯುವ ವ್ಯಾಪಾರದ ಏರ್ಪಾಡಿದೆ. ಕಟ್ಟೆಯಲ್ಲಿ ದಿನದಿನಕ್ಕೆ ದರ ನಿಗದಿಯಾಗುತ್ತೆ. ಮದುವೆ, ಹಬ್ಬ ಬಂದರೆ ಏರುತ್ತೆ, ಹೂ ಹೆಚ್ಚಾದರೆ ಬೀಳುತ್ತೆ. ನಮ್ಮ ಬೀದಿಯಲ್ಲಿ ಅಟ್ಟೆ ಲೆಕ್ಕದಲ್ಲಿ ಕೊಳ್ಳೋರು ಯಾರು? ಜೊತೆಗೆ, ನೂರು ಕುಂಡದ ಒದ್ದೆ ಮಣ್ಣಿನ ಭಾರವನ್ನು ಟೆರೇಸ್ ತಡೆಯುತ್ತಾ ಅಂತ ಎಂಜಿನಿಯರನ್ನೂ ಕೇಳಬೇಕು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ಹತ್ತು ಸಾಕು, ಉಳಿದ ದುಡ್ಡು ಮಗಳ ಫೀಸಿಗೆ ಇರಲಿ" ಅಂದರು. ಈಗ ಅವರ ಗಿಡಗಳಿಗೆ ಒಂದೂವರೆ ವರ್ಷ. ಶುಕ್ರವಾರ ಪಕ್ಕದ ಎರಡು ಮನೆಯವರು ಅವರಿಂದಲೇ ಹೂ ಕೊಳ್ಳುತ್ತಾರೆ. ಅದರಿಂದ ಸಂಸಾರ ನಡೆಯಲ್ಲ, ಆದರೆ ಗೊಬ್ಬರದ ಖರ್ಚು ಹುಟ್ಟುತ್ತೆ, ದೇವರಿಗೂ ಮುಡಿಗೂ ಹೂ ಕೊಳ್ಳೋದು ತಪ್ಪಿದೆ.

ಆಸೆ ಇದ್ದರೆ ನೀವೂ ಎರಡು ಗಿಡದಿಂದ ಶುರು ಮಾಡಿ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಲಿ. ಆಮೇಲೆ ಹೆಚ್ಚಿಸೋದೋ ಬೇಡವೋ ಯೋಚಿಸಿ. ಈಗಾಗಲೇ ಬೆಳೆಸಿದ್ದರೆ ನಿಮ್ಮೂರಿನ ನೀರು, ಬಿಸಿಲು ಹೇಗೆ, ಹೂ ಎಷ್ಟು ಬಂತು ಅಂತ ಬರೆದು ತಿಳಿಸಿ.