ದ್ವೀಪಕ್ಕೆ ಹೊರಟಿದ್ದೀರಾ? ಕಡಲಿಗಿಳಿಯುವ ಮುನ್ನ

ಬೇಸಿಗೆ ರಜೆ ಹತ್ತಿರವಾದಂತೆ ಹೊಸ ತಿಪ್ಪಸಂದ್ರದ ನಮ್ಮ ದವಾಖಾನೆಗೆ ಬರುವವರ ಪ್ರಶ್ನೆಗಳೂ ಬದಲಾಗುತ್ತವೆ. ಹಿಂದೆ “ಊಟಿಯ ಚಳಿಗೆ ಮಗುವಿಗೆ ಏನು ಕೊಡಲಿ?” ಎನ್ನುತ್ತಿದ್ದ ತಾಯಂದಿರು ಈಗ “ಲಕ್ಷದ್ವೀಪಕ್ಕೆ ಹೋಗ್ತಾ ಇದ್ದೀವಿ ಹಕೀಮ್ ಸಾಹೇಬ್, ಅಮ್ಮಿಗೆ ಶುಗರ್ ಇದೆ, ಕರಕೊಂಡು ಹೋಗಬಹುದಾ?” ಎಂದು ಕೇಳುತ್ತಾರೆ. 2024ರಲ್ಲಿ ಬೆಂಗಳೂರಿನಿಂದ ಅಗತ್ತಿ ದ್ವೀಪಕ್ಕೆ ನೇರ ವಿಮಾನ ಆರಂಭವಾದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಹಲಾಲ್ ಊಟ ಸಿಗುತ್ತದೆ, ಹೆಜ್ಜೆಗೊಂದು ಮಸೀದಿ ಇದೆ, ವೀಸಾ ಬೇಡ, ಪ್ರವೇಶ ಪರವಾನಗಿ ಪಡೆದರೆ ಸಾಕು. ಕುಟುಂಬಗಳು ಇಷ್ಟಪಡುವುದು ಸಹಜ.

ಈ ದ್ವೀಪಗಳು ನಮಗೆ ತೀರ ಪರಕೀಯವೂ ಅಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರ ಆಳ್ವಿಕೆಗೆ ಸೇರಿದ್ದವು. 1799ರ ನಂತರ ಕಂಪನಿಯ ಕೈಗೆ ಹೋದ ಇವು 1956ರವರೆಗೂ ಮಂಗಳೂರಿನ ಜಿಲ್ಲಾಡಳಿತಕ್ಕೆ ಒಳಪಟ್ಟಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು.

ಅಮ್ಮಿಯನ್ನು ಕರೆದುಕೊಂಡು ಹೋಗಬಹುದು. ಆದರೆ ಒಂದು ವಿಷಯ ತಲೆಯಲ್ಲಿರಲಿ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರ್ ಮಾತ್ರ. ಜನವಸತಿ ಇರುವುದು 10 ದ್ವೀಪಗಳಲ್ಲಿ. ಕವರತ್ತಿ, ಅಗತ್ತಿಗಳಲ್ಲಿ ಆಸ್ಪತ್ರೆಗಳಿವೆ, ಆದರೆ ಕಾಯಿಲೆ ಗಂಭೀರವಾದರೆ ಹೆಲಿಕಾಪ್ಟರ್ ಅಥವಾ ಹಡಗಿನಲ್ಲಿ ಕೊಚ್ಚಿಗೆ ಸಾಗಿಸಬೇಕು. ಬಂಗಾರಂನಂಥ ರೆಸಾರ್ಟ್ ದ್ವೀಪದಿಂದ ಅಗತ್ತಿಗೆ ಬರುವುದೂ ದೋಣಿಯಲ್ಲೇ. ನಮ್ಮ ಬೀದಿಯಲ್ಲಿ ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದರೆ ಆಟೋ ಹಿಡಿದು ಸಿ.ವಿ. ರಾಮನ್ ನಗರದ ಆಸ್ಪತ್ರೆ ಸೇರಬಹುದು. ಅಲ್ಲಿ ಸುತ್ತ ನೀರು. ಹಾಗಾಗಿ ದ್ವೀಪದ ಪ್ರವಾಸವನ್ನು ಮನೆಯ ಅತ್ಯಂತ ದುರ್ಬಲ ವ್ಯಕ್ತಿಯನ್ನು ನೋಡಿ ಯೋಜಿಸಬೇಕು. ಹನ್ನೆರಡು ವರ್ಷದ ಹುಡುಗನ ಉತ್ಸಾಹವನ್ನು ನೋಡಿ ಯೋಜಿಸಿದರೆ ಅರವತ್ತೈದು ವರ್ಷದ ದಾದಿ ಅದರ ಬೆಲೆ ತೆರಬೇಕಾಗುತ್ತದೆ.

ಹವೆ ಬದಲಾದಾಗ

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು, ಅಂದರೆ ‘ಅಸ್ಬಾಬೆ ಸಿತ್ತಾ ಝರೂರಿಯಾ’ವನ್ನು ಹೇಳುವಾಗ ಮೊದಲು ಬರುವುದು ಹವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಬೇಸಿಗೆ ಹೆಚ್ಚಾಗಿ ಒಣ, ಬೆವರು ಬಂದರೂ ಆರುತ್ತದೆ, ಮೈ ತಣ್ಣಗಾಗುತ್ತದೆ. ದ್ವೀಪದಲ್ಲಿ ಉಷ್ಣತೆ ಇಲ್ಲಿಯಷ್ಟೇ ಇದ್ದರೂ ಗಾಳಿಯಲ್ಲಿ ನೀರಿನಂಶ ಹೆಚ್ಚು. ಬೆವರು ಇಳಿಯುತ್ತದೆ, ಆರುವುದಿಲ್ಲ. ಮೈ ತಣ್ಣಗಾಗದೆ ಮತ್ತಷ್ಟು ಬೆವರುತ್ತದೆ, ಉಪ್ಪು ನೀರು ಎರಡೂ ಖಾಲಿಯಾಗುತ್ತವೆ. ಕಡಲ ಗಾಳಿ ಬೀಸುವುದರಿಂದ ಸೆಕೆ ಗೊತ್ತಾಗುವುದಿಲ್ಲ, ಮೋಸವಿರುವುದು ಅಲ್ಲಿಯೇ.

ಹೊಸ ಹವೆಗೆ ಮೈ ಹೊಂದಿಕೊಳ್ಳಲು ದಿನಗಳು ಬೇಕು, ಮೂರು ರಾತ್ರಿಯ ಪ್ಯಾಕೇಜಿನಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಫಜ್ರ್ ಆದ ಮೇಲೆ ಕಡಲಿಗೆ ಹೋಗಿ ಹತ್ತು ಗಂಟೆಯೊಳಗೆ ನೆರಳಿಗೆ ಬನ್ನಿ, ಅಸರ್ ನಂತರ ಮತ್ತೆ ಹೊರಡಿ. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ. ತಲೆನೋವು, ಸುಸ್ತು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ವಾಕರಿಕೆ ಇವು ಮೊದಲ ಸೂಚನೆಗಳು. ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಾತು ತಡವರಿಸಿದರೆ, ಜ್ಞಾನ ತಪ್ಪಿದಂತಾದರೆ ಬಾಯಿಗೆ ಏನನ್ನೂ ಹಾಕದೆ ಮೈಮೇಲೆ ನೀರು ಸುರಿಯುತ್ತಾ, ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಿರಿ. ನಮ್ಮ ಸಿಕಂಜಬೀನ್, ಅನಾರ್ ಶರಬತ್ತು ಆರೋಗ್ಯವಂತರಿಗೆ ಒಳ್ಳೆಯ ಪಾನೀಯಗಳೇ. ಆದರೆ ಅವು ಓಆರ್‌ಎಸ್‌ನ ಬದಲಿ ಅಲ್ಲ, ಶುಗರ್ ಇರುವವರಿಗೆ ಹೇಳಿದ್ದಂತೂ ಅಲ್ಲ.

ದೋಣಿ ಮತ್ತು ಕುಡಿಯುವ ನೀರು

ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಪ್ರಯಾಣಿಕರ ಆರೋಗ್ಯಕ್ಕೇ ಪ್ರತ್ಯೇಕ ಭಾಗ ಇಟ್ಟಿದ್ದಾರೆ. ಕಡಲಲ್ಲಿ ತಲೆಸುತ್ತಿ ವಾಂತಿಯಾಗುವುದು ಮೊದಲ ಕೆಲವು ದಿನಗಳ ತೊಂದರೆ, ಆಮೇಲೆ ಅದು ತಾನೇ ನಿಲ್ಲುತ್ತದೆ ಎನ್ನುವ ಅವರು ಸೇಬು, ದಾಳಿಂಬೆಯಂಥ ಹಣ್ಣುಗಳನ್ನು ಸೂಚಿಸುತ್ತಾರೆ. ಅದಕ್ಕೆ ಒಂದು ಚೂರು ಶುಂಠಿ ಸೇರಿಸಿಕೊಳ್ಳಿ. ದೋಣಿಯ ಮಧ್ಯದಲ್ಲಿ ಕುಳಿತು ದೂರದ ದಿಗಂತ ನೋಡಬೇಕು, ಮೊಬೈಲ್ ನೋಡಿದರೆ ವಾಂತಿ ಖಚಿತ. ಹೊಟ್ಟೆ ಪೂರ್ತಿ ಖಾಲಿ ಇರಬಾರದು, ಬಿರಿಯಾನಿ ಉಂಡೂ ಹತ್ತಬಾರದು. ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ದೋಣಿ ಹತ್ತುವ ಅರ್ಧ ಗಂಟೆ, ಒಂದು ಗಂಟೆ ಮುಂಚೆಯೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಕಡಲ ಪಾಲಾಗುತ್ತದೆ.

ಆಹಾರದ ಬದಲಾವಣೆಗಿಂತ ನೀರಿನ ಬದಲಾವಣೆಯೇ ಪ್ರಯಾಣಿಕನಿಗೆ ಹೆಚ್ಚು ಕಾಯಿಲೆ ತರುತ್ತದೆ ಎಂಬುದೂ ಇಬ್ನ್ ಸೀನಾ ಅವರ ಅಭಿಪ್ರಾಯ. ಹವಳದ ದ್ವೀಪಗಳಲ್ಲಿ ಮಳೆನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ, ಬಾವಿಗಳಿಗೆ ಬರುವುದು ಅದೇ. ಆ ಪದರಕ್ಕೆ ಉಪ್ಪೂ ಸೇರುತ್ತದೆ, ಶೌಚಗುಂಡಿಯ ಕೊಳೆಯೂ ಸೇರುತ್ತದೆ. ಇದಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಘಟಕ ಆರಂಭವಾಯಿತು. ಅತಿಥಿಗಳು ಕುದಿಸಿದ ಅಥವಾ ಮೊಹರು ಮಾಡಿದ ಬಾಟಲಿಯ ನೀರನ್ನೇ ಕುಡಿಯಲಿ, ಹಲ್ಲುಜ್ಜಲೂ ಅದೇ ಇರಲಿ. ಸಮುದ್ರದ ನೀರಿನಲ್ಲಿ ವುಝೂ ಆಗುತ್ತದೆ. ಬಾಯಿ ಮುಕ್ಕಳಿಸುವಾಗ ಮಕ್ಕಳು ನುಂಗದಂತೆ ನೋಡಿಕೊಂಡರೆ ಸಾಕು. ಸಿಹಿನೀರು ಅಲ್ಲಿಯವರಿಗೆ ಅಮೂಲ್ಯ, ಶವರ್ ಕೆಳಗೆ ಅರ್ಧ ಗಂಟೆ ನಿಲ್ಲುವ ನಮ್ಮ ಚಾಳಿಯನ್ನು ಮನೆಯಲ್ಲೇ ಬಿಟ್ಟು ಹೋಗೋಣ.

ಶಬ್ದವಿಲ್ಲದ ಸಾವು

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೆ. ಬಯಲುಸೀಮೆಯ ನಮಗೆ ಕೆರೆ ಗೊತ್ತು, ಕಡಲು ಗೊತ್ತಿಲ್ಲ. 2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಕೇರಳದ ಮೂವರು ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಪ್ರವಾಸಕ್ಕೆಂದು ನಗುತ್ತಾ ಹೊರಟ ಮಕ್ಕಳು ಅವರು.

ಲಕ್ಷದ್ವೀಪದ ಹಿನ್ನೀರು, ಅಂದರೆ ಹವಳದ ದಂಡೆಯೊಳಗಿನ ಲಗೂನ್, ಶಾಂತವಾಗಿ ತಿಳಿಯಾಗಿರುತ್ತದೆ. ನೀರು ತಿಳಿಯಾಗಿರುವುದರಿಂದ ತಳ ಹತ್ತಿರವೇ ಇದ್ದಂತೆ ಕಾಣುತ್ತದೆ, ಎದೆಮಟ್ಟ ಎಂದುಕೊಂಡದ್ದು ತಲೆ ಮೀರಿರಬಹುದು. ಹವಳದ ದಂಡೆ ತುಂಡಾಗಿರುವಲ್ಲಿ ನೀರು ಹೊರಕ್ಕೆ ಜೋರಾಗಿ ಹರಿಯುತ್ತದೆ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತ ಮಗುವನ್ನು ದಡದಿಂದ ಬೀಸುವ ಗಾಳಿಯೇ ದೂರ ಒಯ್ಯುತ್ತದೆ, ಆದ್ದರಿಂದ ಟ್ಯೂಬನ್ನು ರಕ್ಷಣೆ ಎಂದು ತಿಳಿಯಬೇಡಿ. ಅಳತೆಗೆ ಸರಿಯಾದ, ಬಕಲ್ ಹಾಕಿದ ಲೈಫ್ ಜಾಕೆಟ್ ಮಾತ್ರ ರಕ್ಷಣೆ.

ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ. ನಿಜದಲ್ಲಿ ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಉಸಿರಿಗೇ ಸಮಯವಿಲ್ಲ, ಕೂಗುವುದೆಲ್ಲಿ? ತಲೆ ಹಿಂದಕ್ಕೆ ವಾಲಿ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಾ, ಒಂದು ನಿಮಿಷದೊಳಗೆ ಮಗು ಕಾಣದಾಗುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ಎಂಟು ಮಂದಿ ದೊಡ್ಡವರು ಇದ್ದರೂ ಹೀಗಾಗುತ್ತದೆ, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಇಪ್ಪತ್ತು ನಿಮಿಷಕ್ಕೆ ಒಬ್ಬರಂತೆ ಹೆಸರು ಹಿಡಿದು ಕಾವಲು ಹಂಚಿ. ಕಾವಲಿನಲ್ಲಿರುವವರ ಕೈಯಲ್ಲಿ ಮೊಬೈಲ್ ಬೇಡ. ಐದು ವರ್ಷದೊಳಗಿನ ಮಗು ಕೈಗೆಟಕುವ ದೂರದಲ್ಲಿರಬೇಕು.

ಇನ್ನು ನಮ್ಮ ಹೆಣ್ಣುಮಕ್ಕಳ ವಿಷಯ. ಒದ್ದೆಯಾದ ಬುರ್ಖಾ, ಸಲ್ವಾರ್, ದುಪಟ್ಟಾ ಕಾಲಿಗೆ ಸುತ್ತಿಕೊಳ್ಳುತ್ತವೆ. ಸೊಂಟದ ಮಟ್ಟದ ನೀರಿನಲ್ಲಿ ಅಲೆ ಬಂದು ಬಿದ್ದರೆ ಏಳಲಾಗುವುದಿಲ್ಲ. ಗಂಡಸರ ಲುಂಗಿಯೂ ಜೀನ್ಸೂ ಹೀಗೆಯೇ. ಪರದೆ ಇರಲಿ, ಬಟ್ಟೆಯನ್ನು ಮಾತ್ರ ಬದಲಿಸಿ. ನೀರು ಹೀರದ ನೈಲಾನ್ ಅಥವಾ ಪಾಲಿಯೆಸ್ಟರ್‌ನ, ಮೈಪೂರ್ತಿ ಮುಚ್ಚುವ ಈಜುಡುಪು ಸಿಗುತ್ತದೆ, ತಲೆಗೆ ಜೊತೆಯ ಟೋಪಿ ಇರುತ್ತದೆ, ಅದರ ಮೇಲೆ ಲೈಫ್ ಜಾಕೆಟ್ ಸರಿಯಾಗಿ ಕೂರುತ್ತದೆ. ಬಹಳ ಮನೆಗಳಲ್ಲಿ ಗಂಡುಮಕ್ಕಳಿಗೆ ಈಜು ಕಲಿಸುತ್ತಾರೆ, ಹೆಣ್ಣುಮಕ್ಕಳನ್ನು ಬಿಟ್ಟುಬಿಡುತ್ತಾರೆ. ನಗರದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸಮಯವಿರುವ ಈಜುಕೊಳಗಳನ್ನು ವಿಚಾರಿಸಿ, ಪ್ರವಾಸಕ್ಕೆ ಮೂರು ತಿಂಗಳು ಮುಂಚೆ ತಾಯಿ ಮಗಳು ಒಟ್ಟಿಗೇ ಸೇರಲಿ. ರೆಸಾರ್ಟಿನ ಒಂದು ರಾತ್ರಿಯ ಬಾಡಿಗೆಗಿಂತ ಇದರ ಖರ್ಚು ಕಡಿಮೆ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ, ಆಗ ಎರಡು ಜನಾಝಾ ಆಗುತ್ತದೆ. ತೇಲುವ ಏನನ್ನಾದರೂ ಎಸೆಯಿರಿ, ಗಂಟು ಹಾಕಿದ ದುಪಟ್ಟಾ ಚಾಚಿ. ಸೆಳೆತಕ್ಕೆ ಸಿಕ್ಕವರು ದಡದ ಕಡೆ ಹೋರಾಡದೆ, ಮೊದಲು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಮೇಲೆ ತಂದ ಮೇಲೆ ಕಾಲು ಹಿಡಿದು ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತುವುದು ಬೇಡವೇ ಬೇಡ, ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಂದ ಬಾಯಿಗೆ ಉಸಿರು ಊದಿ. ಆಮೇಲೆ ಎದೆಯ ಮಧ್ಯೆ 30 ಬಾರಿ ಒತ್ತಿ 2 ಉಸಿರು, ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ತೋರಿಸಲೇಬೇಕು, ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು.

ಅಮ್ಮಿಯ ಶುಗರ್

ವರ್ಷಗಟ್ಟಲೆ ಶುಗರ್ ಇರುವವರ ಪಾದಕ್ಕೆ ಸ್ಪರ್ಶ ಕಡಿಮೆ. ಮಧ್ಯಾಹ್ನದ ಮರಳು ಸುಟ್ಟದ್ದು ಅವರಿಗೆ ಗೊತ್ತಾಗುವುದು ರಾತ್ರಿ ಗುಳ್ಳೆ ಕಂಡಾಗ. ಹವಳದ ಚೂರು ತಾಗಿದ ಗಾಯ ಆರೋಗ್ಯವಂತರಿಗೇ ಬೇಗ ಮಾಯುವುದಿಲ್ಲ. ಮರಳಿನಲ್ಲೂ ನೀರಿನಲ್ಲೂ ಹಿಮ್ಮಡಿ ಮುಚ್ಚಿದ ರಬ್ಬರ್ ಷೂ ಇರಲಿ, ಇಶಾ ನಂತರ ಮಗನೋ ಸೊಸೆಯೋ ಟಾರ್ಚ್ ಹಿಡಿದು ಪಾದ, ಬೆರಳಸಂದಿ ನೋಡಲಿ. ಗಾಯವಿದ್ದರೆ ಸೋಪು ಮತ್ತು ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ, ಟಿಟಿ ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ವಿಮಾನದ ಸಾಮಾನು ಕೋಣೆಯಲ್ಲಿ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ, ಕಡಲತೀರದ ಬಿಸಿಲಿನಲ್ಲೂ ಕೆಡುತ್ತದೆ. ಬಿಪಿಗೆ ‘ನೀರು ಮಾತ್ರೆ’ ತೆಗೆದುಕೊಳ್ಳುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಾಣಲಿ, ಬೆವರಿನ ಊರಿನಲ್ಲಿ ಅದರ ಪ್ರಮಾಣ ಬದಲಾಗಬೇಕಾಗಬಹುದು, ತಾವಾಗಿ ನಿಲ್ಲಿಸಬಾರದು. ಎಳನೀರು ಎಲ್ಲರಿಗೂ ಅಮೃತವೆಂಬ ನಂಬಿಕೆ ಇದೆ. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಮೂತ್ರಪಿಂಡ ದುರ್ಬಲವಾದವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಹತ್ತು ದಿನದ ಪ್ರವಾಸವಲ್ಲದಿದ್ದರೂ ಹತ್ತು ದಿನದ ಔಷಧಿ ಒಯ್ಯಿರಿ, ಹವೆ ಕೆಟ್ಟರೆ ದೋಣಿ, ವಿಮಾನ ಎರಡೂ ನಿಲ್ಲುತ್ತವೆ.

ಮೀನು, ಬಿಸಿಲು, ಕುಟುಕು

ಲಕ್ಷದ್ವೀಪದ ಮುಖ್ಯ ಮೀನು ಟ್ಯೂನಾ, ನಮ್ಮ ಕರಾವಳಿಯವರ ಕೇದಾರ. ತಾಜಾ ಇದ್ದರೆ ಬಹಳ ಒಳ್ಳೆಯದು. ಹಿಡಿದ ಮೇಲೆ ಬಿಸಿಲಲ್ಲಿ ಬಿಟ್ಟಿದ್ದರೆ ಅದರಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಉಂಡ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸಿದರೆ ಇದೇ ಇರಬಹುದು. ನಾಲಿಗೆಗೆ ಮೆಣಸಿನಂತೆ ಚುರುಕೆನಿಸಿದ ಟ್ಯೂನಾ ತುಂಡನ್ನು ಉಗುಳಿಬಿಡಿ.

ಬಿಸಿಲಿಗೆ ಮುಖ್ಯ ಮದ್ದು ಬಟ್ಟೆಯೇ. ಮುಖ, ಕೈ, ಪಾದಕ್ಕೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ. ಬಿಳಿ ಮರಳು ಬೆಳಕನ್ನು ಮೇಲಕ್ಕೆ ತಿರುಗಿಸುವುದರಿಂದ ಕೊಡೆಯ ಕೆಳಗೂ ಚರ್ಮ ಸುಡುತ್ತದೆ. ಕಪ್ಪಾದೆ ಎಂದು ನಿಂಬೆಹಣ್ಣು ಉಜ್ಜುವುದನ್ನು ಬಿಡಿ. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಗುಳ್ಳೆಯೇಳುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸುಟ್ಟಲ್ಲಿಗೆ ತಣ್ಣೀರು, ಲೋಳೆಸರದ ತಿರುಳು ಸಾಕು.

ಅಂಬಲಿಮೀನು, ಅಂದರೆ ಜೆಲ್ಲಿಫಿಶ್, ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಎರಡರಿಂದಲೂ ಉಳಿದ ವಿಷಕೋಶಗಳು ಒಡೆಯುತ್ತವೆ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ, ನಂತರ ತಡೆಯುವಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಅದ್ದಿಡಿ. ಮುಳ್ಳಿನ ಜೀವಿಗಳನ್ನು ತುಳಿದಾಗಲೂ ನೋವಿಗೆ ಬಿಸಿನೀರು ಒಳ್ಳೆಯದು. ಶುಗರ್ ಇರುವವರ ಪಾದವಾದರೆ ನೀರಿನ ಬಿಸಿಯನ್ನು ಬೇರೆಯವರು ಕೈಯಿಟ್ಟು ನೋಡಲಿ. ಉಸಿರು ಕಟ್ಟಿದರೆ, ತುಟಿ ಊದಿದರೆ ಮದ್ದು ಹುಡುಕುತ್ತಾ ಕೂರದೆ ಆಸ್ಪತ್ರೆಗೆ.

ಸ್ಕೂಬಾ ಮಾಡುವ ಯುವಕರು ಶೀತ, ಕಿವಿನೋವು, ಉಬ್ಬಸ ಇದ್ದರೆ ನೀರಿನಡಿ ಹೋಗಬಾರದು. ಕೊನೆಯ ಮುಳುಗಿಗೂ ವಾಪಸ್ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಇರಲಿ, ಇಲ್ಲದಿದ್ದರೆ ವಿಮಾನ ಮೇಲೇರಿದಾಗ ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಿ ಕೀಲು, ನರಗಳಿಗೆ ಅಪಾಯವಾಗುತ್ತದೆ. ಟಿಕೆಟ್ ಮಾಡಿಸುವಾಗಲೇ ಇದನ್ನು ಲೆಕ್ಕ ಹಾಕಿ, ಸ್ಕೂಬಾವನ್ನು ಪ್ರವಾಸದ ಮೊದಲ ದಿನಗಳಿಗೇ ಇಟ್ಟುಕೊಳ್ಳಿ.