ಹಿಮದ ದಾರಿಗೆ ಮರಳಿನ ಭಾರ

ಸರಕು ಸಾಗಿಸಲೆಂದೇ ಮಾಡಿದ ಗಾಡಿ. ಸಾಗಿಸಬೇಕಾದ ಸರಕು ಏನೂ ಇಲ್ಲ. ಆದರೂ ಅದರ ಬೆನ್ನ ಮೇಲೆ ಏಳೆಂಟು ಚೀಲ ಮರಳು! ಚಳಿಗಾಲದ ಆರಂಭದಲ್ಲಿ ಹೇರಿದ ಈ ಮರಳನ್ನು ಇಳಿಸುವುದು ಹಿಮ ಕರಗಿದ ಮೇಲೆಯೇ. ಅಲ್ಲಿಯವರೆಗೆ ಆಫೀಸಿಗೆ, ಅಂಗಡಿಗೆ, ಮಕ್ಕಳ ಶಾಲೆಗೆ, ಗಾಡಿ ಹೋದಲ್ಲೆಲ್ಲ ಮರಳೂ ಹೋಗಿಬರುತ್ತದೆ. ಇಂಧನ ಸುಟ್ಟು ಮರಳಿಗೆ ಮೆರವಣಿಗೆ ಮಾಡಿಸುವ ಈ ಜನಕ್ಕೆ ಬುದ್ಧಿ ಇಲ್ಲವೆ ಎಂದು ಯಾರಿಗಾದರೂ ಅನ್ನಿಸಬಹುದು.

ಬುದ್ಧಿ ಇದೆ. ಅಮೆರಿಕದ ಮಿನೆಸೋಟಾ, ಮಿಷಿಗನ್, ಉತ್ತರ ಡಕೋಟಾ ರಾಜ್ಯಗಳಲ್ಲಿ, ಕೆನಡಾದ ಬಯಲು ಪ್ರಾಂತಗಳಲ್ಲಿ ಇದು ಹಳೆಯ ರೂಢಿ. ಅಲ್ಲಿ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಅಪರೂಪವಲ್ಲ. ರಸ್ತೆಯ ಮೇಲೆ ಬಿದ್ದ ಹಿಮ ಗಾಡಿಗಳ ತುಳಿತಕ್ಕೆ ಗಟ್ಟಿಯಾಗಿ, ಕೆಲವೆಡೆ ಗಾಜಿನಂಥ ಮಂಜುಗಡ್ಡೆಯೇ ಆಗಿಬಿಡುತ್ತದೆ. ಇಂಥ ದಾರಿಯಲ್ಲಿ ಹೆಚ್ಚು ಪರದಾಡುವುದು ಪಿಕಪ್ ಟ್ರಕ್.

ತಲೆಭಾರದ ಗಾಡಿ

ನಮ್ಮಲ್ಲಿ ತರಕಾರಿ, ಹಾಲಿನ ಕ್ಯಾನು ಸಾಗಿಸುವ ಪಿಕಪ್ ಗಾಡಿಗಳನ್ನು ಎಲ್ಲರೂ ನೋಡಿದ್ದಾರೆ. ಅಮೆರಿಕದಲ್ಲಿ ಇದು ಮನೆಬಳಕೆಯ ವಾಹನವೂ ಹೌದು. ಮುಂದೆ ಎಂಜಿನ್ನು ಮತ್ತು ಕೂರುವ ಕೋಣೆ, ಹಿಂದೆ ಮೇಲ್ಛಾವಣಿ ಇಲ್ಲದ ತೊಟ್ಟಿಯಂಥ ಜಾಗ. ತೊಟ್ಟಿ ಖಾಲಿ ಇದ್ದಾಗ ಗಾಡಿಯ ತೂಕದ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. ಆದರೆ ಸಾಂಪ್ರದಾಯಿಕ ಪಿಕಪ್‌ನಲ್ಲಿ ಎಂಜಿನ್ನು ತಿರುಗಿಸುವುದು ಹಿಂದಿನ ಚಕ್ರಗಳನ್ನು! ಅಂದರೆ ದುಡಿಯಬೇಕಾದ ಚಕ್ರಗಳ ಮೇಲೆ ಭಾರವಿಲ್ಲ, ಭಾರ ಹೊತ್ತ ಚಕ್ರಗಳು ದುಡಿಯುವುದಿಲ್ಲ.

ಭಾರಕ್ಕೂ ದುಡಿಮೆಗೂ ಏನು ಸಂಬಂಧ? ಅದನ್ನು ಫ್ರಾನ್ಸಿನ ಗಿಯೋಮ್ ಅಮೊಂಟನ್ 1699ರಲ್ಲೇ ವಿವರಿಸಿದ್ದ. ಎರಡು ಮೈಗಳ ನಡುವಿನ ಘರ್ಷಣೆ, ಅವುಗಳನ್ನು ಒತ್ತಿ ಹಿಡಿದಿರುವ ಬಲಕ್ಕೆ ಅನುಪಾತದಲ್ಲಿರುತ್ತದೆ. ಒತ್ತುವ ಬಲ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿ. ರಬ್ಬರಿನ ಮಟ್ಟಿಗೆ ಈ ನಿಯಮ ಸ್ಥೂಲವಾಗಿ ಮಾತ್ರ ನಿಜ, ಆದರೆ ಲೆಕ್ಕಾಚಾರಕ್ಕೆ ಸಾಕು. ಘರ್ಷಣೆಯನ್ನು ಒತ್ತುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಘರ್ಷಣಾ ಗುಣಾಂಕ. ಒಣ ಡಾಂಬರಿನ ಮೇಲೆ ಟೈರಿಗೆ ಇದು ಸುಮಾರು 0.7. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 0.2. ಮಂಜುಗಡ್ಡೆಯ ಮೇಲೆ 0.1 ಅಥವಾ ಇನ್ನೂ ಕಡಿಮೆ.

ಮರಳು ಕೊಡುವ ಲಾಭ ಎಷ್ಟು?

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಬಹುದು. ಖಾಲಿ ಪಿಕಪ್ 2000 ಕಿಲೋ ತೂಗುತ್ತದೆ ಎನ್ನೋಣ. ಮುಂದಿನ ಚಕ್ರಗಳ ಮೇಲೆ 1200, ಹಿಂದಿನವುಗಳ ಮೇಲೆ 800. ದಾರಿ ಮಂಜುಗಡ್ಡೆಯದು, ಗುಣಾಂಕ 0.1. ಹಿಂದಿನ ಚಕ್ರಗಳು ನೆಲವನ್ನು ಜಾರದೆ ಒದೆಯಬಲ್ಲ ಗರಿಷ್ಠ ಬಲ 80 ಕಿಲೋ ತೂಕದಷ್ಟು. ಈ ಬಲ 2000 ಕಿಲೋ ಗಾಡಿಯನ್ನು ಏರಿಸಬಲ್ಲದ್ದು 25 ಮೀಟರಿಗೆ 1 ಮೀಟರ್ ಏರುವ ದಿಬ್ಬವನ್ನು ಮಾತ್ರ. ಮನೆಯ ಮುಂದಿನ ಇಳಿಜಾರು ಅದಕ್ಕಿಂತ ಕಡಿದಾಗಿದ್ದರೆ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ, ಗಾಡಿ ಕದಲುವುದಿಲ್ಲ.

ಈಗ ಹಿಂದಿನ ಅಚ್ಚಿನ ನೇರಕ್ಕೆ 200 ಕಿಲೋ ಮರಳು ಹೇರೋಣ. ಹಿಂದಿನ ಭಾರ 1000 ಆಯಿತು, ಒದೆಯುವ ಬಲ 100. ಬಲ ಶೇಕಡಾ 25ರಷ್ಟು ಹೆಚ್ಚಿತು! ಆದರೆ ಏರಿಸಬೇಕಾದ ತೂಕವೂ 2200 ಆಗಿದೆ. ಹಾಗಾಗಿ ಗಾಡಿ ಈಗ ಏರಬಲ್ಲ ದಿಬ್ಬ 22 ಮೀಟರಿಗೆ 1 ಮೀಟರಿನದು. ಲಾಭ ಇದೆ, ಆದರೆ ಮಿತವಾದ ಲಾಭ. ಮರಳು ಪವಾಡ ಮಾಡುವುದಿಲ್ಲ.

ಎಲ್ಲಿ ಇಡಬೇಕು?

ತೊಟ್ಟಿಯ ಒಳಗೆ ಎರಡು ಬದಿಯಲ್ಲೂ ಚಕ್ರದ ಉಬ್ಬುಗಳು ಕಾಣುತ್ತವೆ. ಅವುಗಳ ನಡುವೆ, ಅಚ್ಚಿನ ಮೇಲೆ ಅಥವಾ ತುಸು ಮುಂದಕ್ಕೆ ಚೀಲಗಳನ್ನು ಇಡಬೇಕು. ಹಿಂಬಾಗಿಲ ಬಳಿ ಇಟ್ಟರೆ ಸನ್ನೆಕೋಲಿನ ನಿಯಮ ಅಡ್ಡ ಬರುತ್ತದೆ. ಹಿಂದಿನ ಅಚ್ಚೇ ಆಧಾರಬಿಂದು, ಅದರ ಆಚೆಗಿನ ಭಾರ ಮೂತಿಯನ್ನು ಮೇಲಕ್ಕೆತ್ತುತ್ತದೆ. ಎರಡು ಅಚ್ಚುಗಳ ನಡುವೆ 3.5 ಮೀಟರ್ ಇದ್ದು, 200 ಕಿಲೋ ಭಾರ ಹಿಂದಿನ ಅಚ್ಚಿನಿಂದ 1 ಮೀಟರ್ ಹಿಂದಿದ್ದರೆ ಮುಂದಿನ ಚಕ್ರಗಳ ಭಾರ ಸುಮಾರು 57 ಕಿಲೋ ಕಡಿಮೆಯಾಗುತ್ತದೆ. ಗಾಡಿಯನ್ನು ತಿರುಗಿಸುವುದು ಆ ಮುಂದಿನ ಚಕ್ರಗಳೇ ತಾನೆ? ಹಿಂದೆ ಗಳಿಸಿದ್ದನ್ನು ಮುಂದೆ ಕಳೆದುಕೊಂಡ ಹಾಗೆ.

ಮರಳೇ ಏಕೆ, ಕಲ್ಲು ಅಥವಾ ಕಬ್ಬಿಣ ಏಕಲ್ಲ? ಗಾಡಿ ಎಲ್ಲಿಗಾದರೂ ಡಿಕ್ಕಿ ಹೊಡೆದು ತಟ್ಟನೆ ನಿಂತರೆ, ತೊಟ್ಟಿಯಲ್ಲಿದ್ದದ್ದು ಜಡತ್ವದಿಂದ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಕಾಂಕ್ರೀಟ್ ಇಟ್ಟಿಗೆ ಹಿಂಬದಿಯ ಗಾಜು ಒಡೆದು ಒಳಗೆ ಬರಬಹುದು. ಮರಳಿನ ಚೀಲ ಅಷ್ಟು ಘಾತುಕವಲ್ಲ. ಆದರೂ ಅದನ್ನು ಮರದ ಚೌಕಟ್ಟಿನೊಳಗೆ ಇಟ್ಟು ಬಿಗಿದು ಕಟ್ಟಲೇಬೇಕು. ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದಕ್ಕೆಂದೇ ಉದ್ದನೆಯ ಚೀಲಗಳು ಸಿಗುತ್ತವೆ. ಸಾಮಾನ್ಯವಾಗಿ ಒಂದೊಂದು 60 ಪೌಂಡು, ಅಂದರೆ ಸುಮಾರು 27 ಕಿಲೋ. ಗಾಡಿ ಹೂತುಕೊಂಡಾಗ ಒಂದು ಚೀಲ ಬಿಚ್ಚಿ ಚಕ್ರದ ಮುಂದೆ ಚೆಲ್ಲಿದರೆ ಅದೇ ಮರಳು ಇನ್ನೊಂದು ಬಗೆಯಲ್ಲಿ ನೆರವಾಗುತ್ತದೆ. ಮರಳು ಒಣಗಿರಬೇಕು ಅಷ್ಟೆ. ನೀರು ಸೇರಿದರೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಗಾಡಿಯ ಹೊರುವ ಮಿತಿಯನ್ನು ತಯಾರಕರು ಬಾಗಿಲಿನ ಪಕ್ಕದ ಚೀಟಿಯಲ್ಲಿ ಬರೆದಿರುತ್ತಾರೆ. ಜನರೂ ಮರಳೂ ಸೇರಿ ಅದನ್ನು ಮೀರಬಾರದು.

ಈ ಎರಡೂ ಉಪಾಯ ನಮಗೆ ಹೊಸದಲ್ಲ. ಗಟ್ಟಿ ನೆಲದಲ್ಲಿ ಭಾರದ ನೇಗಿಲು ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ನಮ್ಮ ರೈತರು ನೀರು ತುಂಬಿಸುವುದು ಭಾರಕ್ಕಾಗಿಯೇ. ಇನ್ನು ರೈಲು ಎಂಜಿನ್ನುಗಳಲ್ಲಿ ಮರಳಿನ ಪೆಟ್ಟಿಗೆಗಳೇ ಇರುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಹಳಿ 50 ಮೀಟರಿಗೆ 1 ಮೀಟರಿನಂತೆ ಏರುತ್ತದೆ. ಇಂಥ ಕಡೆ ಒದ್ದೆ ಹಳಿಯ ಮೇಲೆ ಚಕ್ರ ಜಾರಿದರೆ, ಅದರ ಮುಂದೆ ಮರಳು ಉದುರಿಸಿ ಹಿಡಿತ ಪಡೆಯುತ್ತಾರೆ.

ಹೊರಡಲು ಸರಿ, ನಿಲ್ಲಲು?

ಅಪಾಯ ಇರುವುದು ಇಲ್ಲಿ. ಮರಳು ಹೇರಿದ ಗಾಡಿ ಸಲೀಸಾಗಿ ಹೊರಡುತ್ತದೆ. ಚಾಲಕನಿಗೆ ಧೈರ್ಯ ಬರುತ್ತದೆ, ವೇಗ ಹೆಚ್ಚುತ್ತದೆ. ಆದರೆ ಬ್ರೇಕು ಹಾಕಿದಾಗ ನಾಲ್ಕೂ ಚಕ್ರಗಳು ನೆಲವನ್ನು ಹಿಡಿಯುತ್ತವೆ. ಆಗ ಗಾಡಿಯ ಇಡೀ ತೂಕ ಘರ್ಷಣೆಗೆ ಒದಗುತ್ತದೆ, ಇಡೀ ದ್ರವ್ಯರಾಶಿಯನ್ನೇ ನಿಲ್ಲಿಸಬೇಕಾಗುತ್ತದೆ. ತೂಕ ಹೆಚ್ಚಿದಷ್ಟೂ ಎರಡೂ ಸಮನಾಗಿ ಹೆಚ್ಚುತ್ತವೆ, ಒಂದನ್ನೊಂದು ಹೊಡೆದುಹಾಕುತ್ತವೆ. ನಿಲ್ಲಲು ಬೇಕಾದ ದೂರ ವೇಗ ಮತ್ತು ಘರ್ಷಣಾ ಗುಣಾಂಕವನ್ನು ಅವಲಂಬಿಸಿದೆಯೇ ಹೊರತು ಮರಳನ್ನಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದ ಗಾಡಿ, ಬ್ರೇಕು ಹಿಡಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು 9 ಮೀಟರಿನಲ್ಲಿ ನಿಂತೀತು. ಗಟ್ಟಿ ಹಿಮದಲ್ಲಿ 31 ಮೀಟರ್ ಬೇಕು. ಮಂಜುಗಡ್ಡೆಯಲ್ಲಿ 63 ಮೀಟರ್! ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಾಯುವ ದುಬಾರಿ ಗಾಡಿಗೂ ಇದೇ ಲೆಕ್ಕ. ಅದು ಚೆನ್ನಾಗಿ ಹೊರಡುತ್ತದೆ, ಬೇಗ ನಿಲ್ಲುವುದಿಲ್ಲ.

ನಿಲ್ಲುವ ದೂರ ಕಡಿಮೆಯಾಗಬೇಕಾದರೆ ಗುಣಾಂಕವನ್ನು ಹೆಚ್ಚಿಸಬೇಕು, ಇಲ್ಲವೇ ವೇಗವನ್ನು ತಗ್ಗಿಸಬೇಕು. ಮೊದಲನೆಯದಕ್ಕೆ ಚಳಿಗಾಲದ ಟೈರುಗಳಿವೆ. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಇವುಗಳ ರಬ್ಬರು ಆ ಚಳಿಯಲ್ಲೂ ಮೃದುವಾಗಿರುತ್ತದೆ. ಎರಡನೆಯದಕ್ಕೆ ಖರ್ಚೇ ಇಲ್ಲ. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲು ಭಾಗವಾಗುತ್ತದೆ. ಓದಲೋ ದುಡಿಯಲೋ ಆ ನಾಡಿಗೆ ಹೋಗಿ ಮೊದಲ ಹಿಮ ಕಾಣುವ ನಮ್ಮ ಹುಡುಗ ಹುಡುಗಿಯರಿಗೆ ತಂದೆತಾಯಂದಿರು ಫೋನಿನಲ್ಲಿ ಹೇಳಬಹುದಾದ ಒಳ್ಳೆಯ ಮಾತು ಇದು.

ನಂಬಿಕೆ ಬಾರದಿದ್ದರೆ ಒಂದು ಪ್ರಯೋಗವಿದೆ. ಒಂದು ಹಲಗೆಯ ಮೇಲೆ ಖಾಲಿ ಬೆಂಕಿಪೊಟ್ಟಣ ಇಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ಪೊಟ್ಟಣ ಜಾರಿದಾಗ ತುದಿ ಎಷ್ಟು ಎತ್ತರದಲ್ಲಿತ್ತೆಂದು ಅಳೆಯಿರಿ. ಬಳಿಕ ಪೊಟ್ಟಣದೊಳಗೆ ನಾಲ್ಕು ನಾಣ್ಯ ಹಾಕಿ ಮತ್ತೆ ಎತ್ತಿ. ಭಾರ ಹೆಚ್ಚಿದರೂ ಅದು ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಜಾರುತ್ತದೆ. ಆಮೇಲೆ ಹಲಗೆಗೆ ಮರಳು ಕಾಗದ ಅಂಟಿಸಿ ನೋಡಿ. ಮೊದಲಿನ ಎತ್ತರಕ್ಕೆ ಪೊಟ್ಟಣ ಕದಲುವುದೇ ಇಲ್ಲ!